ಗೊಬ್ಬರ ಬಿಟ್ಟ ಮಾರನೇ ದಿನವೇ ಟೊಮ್ಯಾಟೊ ಬಾಡಿತು, ಯಾರಿಗಾದ್ರೂ ಹಿಂಗಾಗಿದ್ಯಾ?

ಶ್ರೀನಿವಾಸಪುರದ ಹುಡುಗ: ಒಂದೆಕರೆ, ನಾಟಿ ಮಾಡಿ 32 ದಿನ. ಮೊನ್ನೆ ಡ್ರಿಪ್‌ನಲ್ಲಿ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋದು) ಬಿಟ್ಟೆ, ಸ್ವಲ್ಪ ಜಾಸ್ತೀನೇ ಆಯ್ತು. ಮಣ್ಣು ಒದ್ದೆ ಇದೆ, ಆದ್ರೂ ಗಿಡ ತಲೆ ಬಾಗಿಸಿದೆ, ಎಲೆ ಅಂಚು ಸುಟ್ಟಂಗಿದೆ. ನೀರು ಬಿಡಲಾ, ಔಷಧಿ ಹೊಡೀಲಾ? ಅನುಭವ ಇದ್ದೋರು ಹೇಳಿ.

ಮಾಲೂರು ಬೋರ್‌ವೆಲ್: ಹೋದ ವರ್ಷ ನಂದೂ ಇದೇ ಕಥೆ. ಸಸಿ 6,000, ಒಂದಕ್ಕೆ ರೂಪಾಯಿ ಹತ್ತು ಪೈಸೆ, 6,600. ಮಲ್ಚಿಂಗ್ ಶೀಟ್ ನಾಲ್ಕು ರೋಲ್ 8,800. ಕಡ್ಡಿ, ದಾರ, ಕೂಲಿ ಬೇರೆ. ಮದುವೆಗೆ ಹೊರಡೋ ಗಡಿಬಿಡೀಲಿ ಐದೈದು ಕೆಜಿ ಬಿಡಬೇಕಾದ ಮೂಟೇನ, 25 ಕೆಜಿ, ಒಂದೇ ಸಲ ಬಿಟ್ಟೆ. ಮೂರನೇ ದಿನ ಗಿಡ ಕಿತ್ತು ನೋಡಿದ್ರೆ ಬಿಳಿ ಬೇರೇ ಇಲ್ಲ, ಎಲ್ಲಾ ಕಂದು. ಅಂಗಡಿಯವನು ಸೊರಗು ರೋಗ ಅಂತ 2,350 ರೂಪಾಯಿ ಔಷಧಿ ಕೊಟ್ಟ. ರೋಗ ಎಲ್ಲಿಂದ ಬಂತು! ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ರೆ ಬೆಳಗ್ಗೆ ಜಾಡೀಲಿ ನೀರು ನಿಂತಿರಲ್ವಾ, ಹಂಗೆ ಗೊಬ್ಬರದ ಉಪ್ಪು ಬೇರಿನ ನೀರನ್ನೇ ಎಳ್ಕೊಂಡಿತ್ತು.

ಚಿಂತಾಮಣಿ ಮೇಷ್ಟ್ರು: ಉಪ್ಪು ಎಳ್ಕೊಳ್ಳಲ್ಲ ಸ್ವಾಮಿ. ಅಭಿಸರಣ ಅದು. ನೀರು ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆ ತಾನೇ ಪೊರೆ ದಾಟುತ್ತೆ. ಹೊರಗಿಂದು ಕೋಶದ ರಸಕ್ಕಿಂತ ಗಟ್ಟಿಯಾದ್ರೆ ದಾರಿ ಉಲ್ಟಾ. ಪೊರೇಲಿ ನೀರಿಗೇ ಅಂತ ಅಕ್ವಾಪೊರಿನ್ ಅನ್ನೋ ಕಿಂಡಿಗಳಿವೆ, ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂದಿದ್ದು ಅದಕ್ಕೇ. ಇಷ್ಟೆಲ್ಲಾ ಪಾಠ ಹೇಳೋ ನಾನೇ ಅಪ್ಪನ ಬದನೆ ಸಸಿ ಬುಡಕ್ಕೆ ಯೂರಿಯಾ ಸುರಿದು ಸುಟ್ಟೆ. ಮನೇಲಿ ಇವತ್ತಿಗೂ ಆಡ್ಕೋತಾರೆ.

ಮಾಲೂರು ಬೋರ್‌ವೆಲ್: ಮೇಷ್ಟ್ರೇ, ನಾನು ಹೇಳಿದ್ದೂ ಅದೇ ಅಲ್ವಾ? ನೊಬೆಲ್ ತೋರಿಸಿದ್ರೆ ಮಂಡೀಲಿ ಬಾಕ್ಸಿಗೆ ಎಷ್ಟು ಜಾಸ್ತಿ ಕೊಡ್ತಾರೆ?

ಚಿಂತಾಮಣಿ ಮೇಷ್ಟ್ರು: ತಿಳ್ಕೊಂಡಿದ್ರೆ 2,350 ಉಳೀತಿತ್ತು.

ಬಾಗೇಪಲ್ಲಿ ಅಕ್ಕ: ನಮ್ಮ ಬೋರ್ 1,180 ಅಡಿ, ನೀರೇ ಉಪ್ಪು, ಇ.ಸಿ. (ಉಪ್ಪಿನಂಶ ಎಷ್ಟಿದೆ ಅಂತ ತೋರಿಸೋ ಅಳತೆ) 2.1. ಟೊಮ್ಯಾಟೊ ಮಣ್ಣಲ್ಲಿ ಇ.ಸಿ. ಎರಡೂವರೆ ದಾಟಿದ್ರೆ ಇಳುವರಿ ಬೀಳುತ್ತೆ, ಅದರ ಮೇಲೆ ಗೊಬ್ಬರ ಬೇರೆ. ನಾಲ್ಕು ದಿನ ಬರೀ ನೀರು ಬಿಟ್ಟು ಉಪ್ಪು ಕೆಳಗಿಳಿಸಿದೆ, ಗಿಡ ಉಳೀತು. ಆಮೇಲೆ ಪೊಟ್ಯಾಷ್ ಜಾಸ್ತಿ ಕೊಟ್ಟೆ. ಬೇರಿಗೆ ಹೋಗೋಕೆ ಪೊಟ್ಯಾಷಿಗೂ ಕ್ಯಾಲ್ಸಿಯಂಗೂ ಪೈಪೋಟಿ, ಕ್ಯಾಲ್ಸಿಯಂ ಸಾಲದೆ ಕಾಯಿ ತಳ ಕಪ್ಪಾಗಿ 140 ಬಾಕ್ಸ್ ತಿಪ್ಪೆಗೆ. ಕ್ಯಾಲ್ಸಿಯಂ ನೈಟ್ರೇಟ್ ತಂದು ರಂಜಕದ ಗೊಬ್ಬರದ ಡ್ರಮ್ಮಿಗೇ ಕಲಸಿದೆ ನೋಡಿ, ಸುಣ್ಣದ ಗಸಿಯಂಗೆ ಕೂತು ಡ್ರಿಪ್ಪರ್ ಎಲ್ಲಾ ಕಟ್ಕೊಂತು. ಆಸಿಡ್ ಬಿಟ್ಟು ತೊಳೆಯೋಕೆ ಎರಡು ದಿನ, ಕೂಲಿ 1,400.

ಶ್ರೀನಿವಾಸಪುರದ ಹುಡುಗ: ಬರೀ ನೀರು ಬಿಟ್ಟಿದ್ದೀನಿ ಅಕ್ಕ. ಇ.ಸಿ. ಮೀಟರ್ ಎಷ್ಟಾಗುತ್ತೆ?

ಮಾಲೂರು ಬೋರ್‌ವೆಲ್: ಮೀಟರ್ ಗೀಟರ್ ಯಾಕೆ, ನೀರು ನಾಲಿಗೆಗೆ ಹಾಕ್ಕೊಂಡ್ರೆ ಗೊತ್ತಾಗಲ್ವಾ?

ಬಾಗೇಪಲ್ಲಿ ಅಕ್ಕ: ಆ 25 ಕೆಜಿ ಬಿಡೋವಾಗ ನಿಮ್ಮ ನಾಲಿಗೆ ಎಲ್ಲಿತ್ತಣ್ಣ?