ಸುವಾರ್ತೆಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತವೆಯೇ?

ಪ್ರಶ್ನೆ: ಹಾರ್ವರ್ಡ್‌ನಲ್ಲಿ ಕಾನೂನು ಬೋಧಿಸಿದ ಸೈಮನ್ ಗ್ರೀನ್‌ಲೀಫ್ ಅವರು 1846ರಲ್ಲಿ ಯೇಸುವಿನ ಜೀವನವನ್ನು ಹೇಳುವ ಬೈಬಲ್‌ನ ನಾಲ್ಕು ಸುವಾರ್ತೆಗಳನ್ನು ಸಾಕ್ಷ್ಯನಿಯಮಗಳ ಒರೆಗೆ ಹಚ್ಚಿ, ಅವು ನಂಬಲರ್ಹವೆಂದು ವಾದಿಸಿದರು. ಈ ವಾದ ಗಟ್ಟಿಯೇ?

ಉತ್ತರ 1: ಒಂದು ಮಟ್ಟಿಗೆ ಹೌದು. ಸುವಾರ್ತೆ ಬರೆದವರಲ್ಲಿ ಮತ್ತಾಯನು ಯೇಸುವಿನ ಬರಿದಾದ ಸಮಾಧಿಯ ಬಳಿ ಒಬ್ಬ ದೇವದೂತನನ್ನು ಹೇಳಿದರೆ, ಲೂಕನು ಇಬ್ಬರು ಪುರುಷರನ್ನು ಹೇಳುತ್ತಾನೆ. ಸಾಕ್ಷಿಗಳು ಮೊದಲೇ ಮಾತಾಡಿಕೊಂಡು ಬಂದಿದ್ದರೆ ಇಂಥ ವ್ಯತ್ಯಾಸ ಉಳಿಯುತ್ತಿರಲಿಲ್ಲ ಎಂಬುದು ಪಾಟೀಸವಾಲು ಮಾಡಿದವರಿಗೆಲ್ಲ ಪರಿಚಿತವಾದ ತರ್ಕ.

ಉತ್ತರ 2: ಆದರೆ ಗ್ರೀನ್‌ಲೀಫ್ ಅವರು ನೆಚ್ಚಿದ ಪುರಾತನ ದಸ್ತಾವೇಜಿನ ನಿಯಮವು, ಯೋಗ್ಯ ಸುಪರ್ದಿನಿಂದ ಬಂದ ಹಳೆಯ ಪತ್ರ ಖೋಟಾ ಅಲ್ಲವೆಂದು ಭಾವಿಸಲು ಅವಕಾಶ ಕೊಡುತ್ತದೆಯೇ ಹೊರತು, ಅದರೊಳಗಿನ ಸಂಗತಿ ಸತ್ಯವೆಂದು ಸಾರುವುದಿಲ್ಲ. ಮೇಲಾಗಿ ಲೂಕನು ಕಂಡವರಿಂದ ಕೇಳಿ ಬರೆದವನು (ಆರಂಭದಲ್ಲಿ ತಾನೇ ಹಾಗೆನ್ನುತ್ತಾನೆ). ಆ ಕಂಡವರನ್ನು ಕಟಕಟೆಗೆ ಕರೆಯುವಂತಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ದಸ್ತಾವೇಜಿನ ವಾದವನ್ನು ಕೈಬಿಟ್ಟು, ಸಾಕ್ಷಿಗಳ ವ್ಯತ್ಯಾಸದ ವಾದವನ್ನಷ್ಟೇ ಉಳಿಸಿಕೊಳ್ಳುತ್ತೇನೆ.