ಗೀಸರ್ ಒಳಗೆ ಗಂಜಿ ಕುದಿದ ಹಾಗೆ ಶಬ್ದ, ಹೊಸದೇ ತಗೊಳ್ಬೇಕಾ?

ಪ್ರಶ್ನೆ (ಸುರತ್ಕಲ್):
ನಮಸ್ಕಾರ ಅಣ್ಣ, ನಮ್ಮದು 25 ಲೀಟರಿನ ಗೀಸರ್, ಆರು ವರ್ಷ ಆಗಿರ್ಬಹುದು, ಇಷ್ಟು ದಿನ ಎಂತ ತೊಂದರೆ ಇರ್ಲಿಲ್ಲ. ಈಗ ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಒಳಗೆ ಗಂಜಿ ಕುದಿದ ಹಾಗೆ ಕೊತ ಕೊತ ಅಂತ ಶುರುವಾಗ್ತದೆ, ಮತ್ತೆ ಜೋರಾಗಿ ಗುರ್ರ್ ಅಂತ, ಮಧ್ಯೆ ಮಧ್ಯೆ ಟಪ್ ಟಪ್ ಅಂತ. ಕೆಂಪು ಲೈಟ್ ಆಫ್ ಆದ ಕೂಡ್ಲೇ ಶಬ್ದ ನಿಲ್ತದೆ. ಒಡೀತದೆ ಅಂತ ಹೆದರಿ ಅತ್ತೆ ಬಾತ್‌ರೂಮಿಗೇ ಹೋಗುದಿಲ್ಲ. ಇನ್ನೊಂದು, ಕೆಳಗಿನ ವಾಲ್ವಿಂದ ನೀರು ತೊಟ್ಟಿಕ್ತಾ ಉಂಟು. ನೋಡ್ಲಿಕ್ಕೆ ಬಂದವರು ಟ್ಯಾಂಕ್ ಹೋಗಿದೆ, ಹೊಸದು ಹಾಕಿ, ಅಲ್ಲಿವರೆಗೆ ವಾಲ್ವಿಗೆ ಪ್ಲಗ್ ಹೊಡೆದು ಕೊಡ್ತೇನೆ ಅಂದ್ರು. ಬಾವಿ ನೀರು ಮಾರ್ಚ್ ಆದ ಮೇಲೆ ಉಪ್ಪಾಗ್ತದೆ, ಆವಾಗಿಂದ ನಮಗೆ ಬೋರಿನ ನೀರೇ.

ಉತ್ತರ:
ಅಕ್ಕ, ಬೇರೆ ಎಲ್ಲ ಮತ್ತೆ, ಮೊದಲು ಆ ಪ್ಲಗ್ ಹೊಡಿಲಿಕ್ಕೆ ದಯವಿಟ್ಟು ಬಿಡ್ಬೇಡಿ. ಅದು ಸೇಫ್ಟಿ ವಾಲ್ವ್. ನೀರು ಬಿಸಿಯಾದ್ರೆ ಹಿಗ್ತದೆ, 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಿದ್ರೆ ಸುಮಾರು 350 ಎಂಎಲ್ ಜಾಸ್ತಿ ಆಗ್ತದೆ, ಆ ನೀರಿಗೆ ಹೊರಗೆ ಬರ್ಲಿಕ್ಕೆ ಇರುವ ದಾರಿ ಅದೊಂದೇ, ಯಾಕಂದ್ರೆ ವಾಪಸ್ ಪೈಪಿಗೆ ಹೋಗದ ಹಾಗೆ ಅದೇ ವಾಲ್ವಲ್ಲಿ ನಾನ್ ರಿಟರ್ನ್ ಕೂಡ ಇರ್ತದೆ. ಹಾಗಾಗಿ ಬಿಸಿ ಆಗುವಾಗ ತೊಟ್ಟಿಕ್ಕುದು ಸರಿಯೇ. ಕರೆಂಟ್ ಆಫ್ ಇದ್ದು ನೀರು ತಣ್ಣಗಿದ್ದಾಗ್ಲೂ ಇಡೀ ದಿನ ಬಿದ್ರೆ ಮಾತ್ರ ವಾಲ್ವಲ್ಲಿ ಕಸ ಸಿಕ್ಕಿದೆ, ಇಲ್ಲ ಪ್ರೆಶರ್ ಪಂಪ್ ಜಾಸ್ತಿ ದೂಡ್ತಾ ಉಂಟು ಅಂತ. ಆಗ ವಾಲ್ವೇ ಬದಲಿಸುದು. ಅತ್ತೆಯವರಿಗೆ ಹೇಳಿ, ಆ ದಾರಿ ಮುಚ್ಚಿದ್ರೆ ಪ್ರೆಶರ್ ಏರಿ ಟ್ಯಾಂಕ್ ಬಿರುಕು ಬಿಡ್ಬಹುದು, ಅದರ ಜೊತೆ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯುವ ಕಟೌಟ್ ಎರಡೂ ಕೈಕೊಟ್ರೆ ಮಾತ್ರ ಜೋರಾಗಿ ಒಡಿಯುವ ಪರಿಸ್ಥಿತಿ ಬರುದು.

ಈಗ ಶಬ್ದಕ್ಕೆ ಬರುವ. ಲೈಟ್ ಇರುವಾಗ ಮಾತ್ರ ಬರ್ತದೆ, ಆಫ್ ಆದ್ರೆ ನಿಲ್ತದೆ ಅಂತ ನೀವು ಬರೆದದ್ದೇ ಅರ್ಧ ಉತ್ತರ. ಅದು ಟ್ಯಾಂಕಿಂದಲ್ಲ, ಒಳಗೆ ನೀರು ಬಿಸಿ ಮಾಡುವ ಕಾಯಿಲಿಂದು. ಬೋರ್ ನೀರಲ್ಲಿರುವ ಸುಣ್ಣದ ಅಂಶ ಬಿಸಿ ತಾಗಿದಲ್ಲೇ ಗಟ್ಟಿಯಾಗಿ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ತದೆ. ಆ ಹಕ್ಕಳೆ ಅಡಿಯಲ್ಲಿ ಸಿಕ್ಕಿದ ಚೂರು ನೀರು ಅಲ್ಲೇ ಕುದಿದು ಆವಿಯಾಗಿ ಗುಳ್ಳೆ ಬರ್ತದೆ, ಸುತ್ತ ಇನ್ನೂ ತಣ್ಣಗಿರುವ ನೀರು ತಾಗಿದ ಕೂಡ್ಲೇ ಗುಳ್ಳೆ ಕುಸೀತದೆ, ಆ ಕುಸಿಯುವ ಶಬ್ದವೇ ನಿಮ್ಮ ಕೊತ ಕೊತ. ಟಪ್ ಅಂತ ಕೇಳುದು ಹಕ್ಕಳೆ ಬಿರುಕು ಬಿಟ್ಟು ಕೆಳಗೆ ಬೀಳುದು. ನಮ್ಮ ಮುರಕಲ್ಲಿನ ಬಾವಿ ನೀರು, ತುಂಬೆ ಡ್ಯಾಮಿಂದ ಬರುವ ಮಂಗಳೂರು ಕಾರ್ಪೊರೇಷನ್ ನೀರು ಮೆದು, ಅದ್ರಲ್ಲಿ ಇಷ್ಟು ಹಕ್ಕಳೆ ಆಗುದಿಲ್ಲ. ಬೋರಿಗೆ ಬದಲಿಸಿದ ಮನೆಗಳಲ್ಲೇ ಇದು ಹೆಚ್ಚು.

ಕರೆಂಟ್ ಬಿಲ್ ಡಬಲ್ ಆಗ್ತದೆ ಅಂತ ಕೆಲವರು ಹೆದರಿಸ್ತಾರೆ, ಅದು ಅಷ್ಟು ನಿಜ ಅಲ್ಲ, ಕಾಯಿಲ್ ನೀರಲ್ಲೇ ಮುಳುಗಿರುದ್ರಿಂದ ಬಿಸಿ ಕೊನೆಗೆ ನೀರಿಗೇ ಹೋಗ್ಬೇಕು. ನಿಜವಾದ ತೊಂದರೆ ಎಂತದ್ದಂದ್ರೆ ಹಕ್ಕಳೆ ಒಳಗೆ ಕಾಯಿಲ್ ಮಿತಿಮೀರಿ ಕಾದು ಸುಡ್ತದೆ, ಮೇಲಿನ ಕವಚ ಸೀಳಿದ್ರೆ ಕರೆಂಟ್ ನೀರಿಗೆ ಬರ್ತದೆ. ಅದಕ್ಕೇ ಅರ್ಥಿಂಗ್ ಸರಿ ಉಂಟಾ, ಕರೆಂಟ್ ಸೋರಿದ ಕೂಡ್ಲೇ ಲೈನ್ ಕಡಿಯುವ ಆರ್‌ಸಿಸಿಬಿ ಉಂಟಾ ಅಂತ ಈ ವಾರವೇ ನೋಡಿಸಿ.

ಬಿಚ್ಚಿ ಕ್ಲೀನ್ ಮಾಡಿಸಿ, ಹೊಸದು ಈಗ ಬೇಡ. ಮಾಡುವವರು ಎಂಸಿಬಿಯೇ ಇಳಿಸ್ಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲದು. ನೀರು ಪೂರ್ತಿ ಇಳಿಸಿ ಕೆಳಗಿನ ಫ್ಲೇಂಜ್, ಅಂದ್ರೆ ಬೋಲ್ಟ್ ಹಾಕಿದ ಮುಚ್ಚಳ, ಬಿಚ್ಚಿದ್ರೆ ಕಾಯಿಲ್ ಜೊತೆಗೇ ಬರ್ತದೆ, ಬಕೆಟ್ ಇಡ್ಲಿಕ್ಕೆ ಹೇಳಿ, ಬಿಳಿ ಚೂರು ರಾಶಿ ಬೀಳ್ತದೆ. ಹತ್ತಿರವೇ ಇನ್ನೊಂದು ಬೂದು ಬಣ್ಣದ ಸರಳು ಇರ್ತದೆ, ಮೆಗ್ನೀಸಿಯಂ ಆನೋಡ್. ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ಅದು ತಾನು ಸವೀತದೆ. ಉಪ್ಪು ನೀರಲ್ಲಿ ಬೇಗ ಹೋಗ್ತದೆ. ನಡುವಿನ ತಂತಿ ಕಂಡ್ರೆ ಹೊಸದು ಹಾಕ್ಲೇಬೇಕು, ಅದನ್ನು ಬಿಟ್ಟು ಬರೀ ಕಾಯಿಲ್ ತೊಳೆದು ಮುಚ್ಚಿದ್ರೆ ಆಗ ನಿಜವಾಗ್ಲೂ ಟ್ಯಾಂಕ್ ಹೋಗ್ತದೆ. ಗ್ಯಾಸ್ಕೆಟ್ ಕೂಡ ಹೊಸದೇ.

ಪ್ರಶ್ನೆ (ಸುರತ್ಕಲ್):
ಅಣ್ಣ ತುಂಬಾ ಉಪಕಾರ ಆಯ್ತು. ಕಾಯಿಲ್ ತೊಳಿಲಿಕ್ಕೆ ಟಾಯ್ಲೆಟಿನ ಆಸಿಡ್ ಹಾಕ್ಬಹುದಾ, ಮನೆಯಲ್ಲಿ ಉಂಟು. ಮತ್ತೆ ನೀರು ಎಷ್ಟು ಗಡಸು ಅಂತ ತಿಳಿಲಿಕ್ಕೆ ಟಿಡಿಎಸ್ ಮೀಟರ್ ಸಾಕಾ?

ಉತ್ತರ:
ಆ ಆಸಿಡ್ ಬೇಡ, ಅದು ಹಕ್ಕಳೆ ಜೊತೆ ಕಾಯಿಲಿನ ಕವಚವನ್ನೂ ತಿಂತದೆ. ಅಡುಗೆಯ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ಬಿಸಿ ನೀರಲ್ಲಿ ನೆನೆಸಿಡಿ, ನೊರೆ ಬರುದು ನಿಲ್ಲುವವರೆಗೆ, ಉಳಿದದ್ದು ಮರದ ಕಡ್ಡಿಯಲ್ಲಿ ಮೆಲ್ಲ ತೆಗೀರಿ. ಚಾಕು ಹಾಕಿ ಕೆರಿಬೇಡಿ. ಟಿಡಿಎಸ್ ಮೀಟರ್ ತೋರಿಸುದು ನೀರಲ್ಲಿ ಕರಗಿದ ಎಲ್ಲವನ್ನೂ ಒಟ್ಟಿಗೆ, ಅದಕ್ಕೇ ನಿಮ್ಮ ಕಡೆ ಮೋಸ ಮಾಡ್ತದೆ, ಸಮುದ್ರದ ಉಪ್ಪಿಗೂ ಅದು ಏರ್ತದೆ, ಹಕ್ಕಳೆ ಕಟ್ಟುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಲ್ಯಾಬಲ್ಲಿ ಟೋಟಲ್ ಹಾರ್ಡ್‌ನೆಸ್ ನೋಡಿಸಿ, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುದು ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ. 200 ದಾಟಿದ್ರೆ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ. ನಾಬ್ ಕೂಡ ಫುಲ್ ತಿರುಗಿಸಿ ಇಡ್ಬೇಡಿ, 60 ದಾಟಿದ ಮೇಲೆ ಹಕ್ಕಳೆ ಕಟ್ಟುದು ಜೋರು.

ಪ್ರಶ್ನೆ (ಕದ್ರಿ):
ಸರ್ ನಮ್ಮಲ್ಲಿ ಬಿಸಿ ಆಗುವಾಗ ಶಬ್ದ ಇಲ್ಲ, ನಲ್ಲಿ ಬಂದ್ ಮಾಡಿದ ಕೂಡ್ಲೇ ಗೋಡೆ ಒಳಗೆ ಡಂ ಅಂತ ಬರ್ತದೆ.

ಉತ್ತರ:
ನಿಮ್ಮದು ಗೀಸರಿನ ಕೇಸೇ ಅಲ್ಲ. ಓಡ್ತಾ ಇದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಬಡಿಯುದು. ಪಂಪಿನ ಪ್ರೆಶರ್ ಇಳಿಸಿ, ಕಾಣುವಲ್ಲಿ ಪೈಪಿಗೆ ಕ್ಲಾಂಪ್ ಬಿಗಿ ಮಾಡಿಸಿ, ಅದರಲ್ಲೂ ಹೋಗದಿದ್ರೆ ಪಂಪಿನ ಹತ್ರ ಸಣ್ಣ ಪ್ರೆಶರ್ ಟ್ಯಾಂಕ್.

ಪ್ರಶ್ನೆ (ಮಣಿಪಾಲ):
ಮಗಳು ಇರುದು ಲಂಡನ್ ಹತ್ರ, ಅವಳ ಮನೆಯಲ್ಲಿ ನೆಲದಡಿ ಪೈಪಲ್ಲಿ ಬಿಸಿನೀರು ಓಡಿಸಿ ಮನೆ ಬೆಚ್ಚಗೆ ಮಾಡುದಂತೆ, ಗ್ಯಾಸಿನ ಬಾಯ್ಲರ್. ಅದೂ ಹೀಗೇ ಶಬ್ದ ಮಾಡ್ತದಂತೆ ಮಾರಾಯ್ರೆ, ರಾತ್ರಿ ಮಗು ಏಳ್ತದೆ. ಅದಕ್ಕೂ ವಿನೆಗರಾ?

ಉತ್ತರ:
ಬೇಡ ಬೇಡ, ಅದರ ಮೈ ಮುಟ್ಲಿಕ್ಕೇ ಹೇಳ್ಬೇಡಿ ಸರ್. ಊರಿಗೆ ಬರುವ ಮೊದಲು ನಾನು ಅಲ್ಲಿ ಹೀಟಿಂಗ್ ಕೆಲಸದಲ್ಲೇ ಇದ್ದದ್ದು, ಗ್ಯಾಸ್ ಬಾಯ್ಲರ್ ಕೆಲಸ ಮಾಡ್ಲಿಕ್ಕೆ ಅಲ್ಲಿ ಗ್ಯಾಸ್ ಸೇಫ್ ರಿಜಿಸ್ಟರಲ್ಲಿ ಹೆಸರಿರುವವರೇ ಆಗ್ಬೇಕು, ಅದು ಕಾನೂನು. ಆದ್ರೆ ಅವರಿಗೆ ಎಂತ ಹೇಳ್ಬೇಕು ಅಂತ ಮಗಳಿಗೆ ಗೊತ್ತಿರ್ಲಿ. ಶಬ್ದ ಬರುದು ಬಿಸಿನೀರಿನ ನಲ್ಲಿ ಬಿಟ್ಟಾಗಲಾ, ನೆಲ ಬಿಸಿ ಆಗುವಾಗಲಾ? ನಲ್ಲಿ ಬಿಟ್ಟಾಗ ಅಂದ್ರೆ ನಮ್ಮ ಬೋರಿನ ಕಥೆಯೇ, ಲಂಡನ್ ಕಡೆ ನೀರು ಗಡಸು. ನೆಲ ಬಿಸಿ ಆಗುವಾಗ ಅಂದ್ರೆ ಕಾರಣ ಬೇರೆ, ಅಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುದು, ಹೊಸ ಸುಣ್ಣ ಬರುದಿಲ್ಲ, ಕಬ್ಬಿಣ ಸವೆದು ಕಪ್ಪು ಕೆಸರಾಗಿ ಹರಿವು ಕಟ್ಟಿರ್ಬಹುದು, ನೆಲದಡಿಯ ಪೈಪ್ ಸುತ್ತಲ್ಲಿ (ಲೂಪ್) ಗಾಳಿ ಸಿಕ್ಕಿರ್ಬಹುದು, ಆ ಸುತ್ತುಗಳಿಗೆಲ್ಲ ನೀರು ಹಂಚುವ ಮ್ಯಾನಿಫೋಲ್ಡಿನ ಪಂಪ್ ಸ್ಪೀಡ್ ಜಾಸ್ತಿ ಇರ್ಬಹುದು. ರಾತ್ರಿ ಎಲ್ಲ ರೂಮಿನ ಥರ್ಮೋಸ್ಟಾಟ್ ಬಂದ್ ಆದ ಮೇಲೂ ಬಾಯ್ಲರ್ ಉರೀತಾ ಇದ್ರೆ ನೀರಿಗೆ ಹೋಗ್ಲಿಕ್ಕೆ ದಾರಿಯೇ ಇಲ್ಲದೆ ಒಳಗೇ ಕುದೀತದೆ, ಮಗು ಏಳುದು ಯಾವ ಹೊತ್ತಿಗೆ, ಆಗ ಯಾವ ರೂಮ್ ಆನ್ ಇತ್ತು ಅಂತ ಬರೆದಿಡ್ಲಿಕ್ಕೆ ಹೇಳಿ. ಬಾಯ್ಲರ್ ತಣ್ಣಗಿರುವಾಗ ಪ್ರೆಶರ್ ಗೇಜಿನ ಫೋಟೋ ಒಂದು ತೆಗೆದು ಕಳಿಸ್ಲಿ, ಸಾಧಾರಣ 1ರಿಂದ 1.5 ಬಾರ್ ಒಳಗೆ ಇರ್ಬೇಕು.