ಹಿಂದಿನ ಚಕ್ರ ನೋಡ್ತಾ ಇರಿ

ತಮ್ಮಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋಗೋಣ ಅಂತಿದ್ದೀರಿ, ಮಗಳು ಟ್ರ್ಯಾಕ್ ಸೈಕ್ಲಿಂಗೇ ಬೇಕು ಅಂತ ಹಠ ಹಿಡಿದಿದ್ದಾಳೆ, ಅದಕ್ಕೆ ದುಡ್ಡು ಹಾಕಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೇ ಚಿಕ್ಕಮ್ಮ, ಒಂದೇ ಕಡೆ ಸುತ್ತು ಹೊಡೆಯುವುದನ್ನು ನೋಡೋಕೆ ಅಷ್ಟು ದೂರ ಯಾಕೆ ಅಂತ ಬರೆದಿದ್ದಾರೆ. ಇದು ಎರಡು ಸಾಲಲ್ಲಿ ಮುಗಿಯುವ ಮಾತಲ್ಲ. ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿ.

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಖಂಡಿತ ಹೋಗಿ.

2024ರಲ್ಲಿ ನಾವು ಪ್ಯಾರಿಸ್‌ಗೆ ಹೋಗಿದ್ದೆವಲ್ಲ, ನಾನು, ನಮ್ಮವರು, ಮಗ, ಅಮ್ಮ. ಟ್ರ್ಯಾಕ್ ಸೈಕ್ಲಿಂಗ್‌ಗೆ ಒಂದೇ ದಿನದ ಟಿಕೆಟ್ ತಗೊಂಡಿದ್ದೆವು. ಆಗಸ್ಟ್ 8, ಗುರುವಾರ ಸಂಜೆ. ಅಮ್ಮ ಆಗ ಚಿಕ್ಕಮ್ಮ ಹೇಳಿದ್ದನ್ನೇ ಹೇಳಿದ್ದರು. ನಾನು ರೂಮಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಅಂತ. ಒತ್ತಾಯ ಮಾಡಿ ಕರೆದುಕೊಂಡು ಹೋದೆವು.

ಚಿಕ್ಕಮ್ಮ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು. ರಸ್ತೆಯ ಮೇಲೆ ನಡೆಯುವ ರೇಸ್ ನೋಡೋಕೆ ಹೋದರೆ ಗಂಟೆಗಟ್ಟಲೆ ಕಾಯಬೇಕು. ಗುಂಪು ಬರುತ್ತದೆ, ಸುಯ್ ಅಂತ ಹೋಗಿಬಿಡುತ್ತದೆ, ಅಷ್ಟೇ. ಇಲ್ಲಿ ಹಾಗಲ್ಲ. ಹಾಲ್ ಒಳಗೇ ರೇಸ್, ಟ್ರ್ಯಾಕ್ ಇರುವುದೇ 250 ಮೀಟರ್. ಯಾವ ಸೀಟಲ್ಲಿ ಕೂತರೂ ಇಡೀ ರೇಸ್ ಕಣ್ಣ ಮುಂದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವರು 15 ಸೆಕೆಂಡಿಗೊಮ್ಮೆ ನಿಮ್ಮ ಎದುರಿಗೇ ಬರುತ್ತಾರೆ. ಆಟ ಪೂರ್ತಿ ಕಾಣಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಅದು ನಡೆದಿದ್ದು ಪ್ಯಾರಿಸ್ ಊರೊಳಗಲ್ಲ. ನೈಋತ್ಯಕ್ಕೆ, ವರ್ಸೇಲ್ಸ್ ದಾಟಿ ಹೋದರೆ ಸ್ಯಾಂ ಕಾಂತಾಂ ಆನ್ ಯೀವ್ಲಿನ್ ಅಂತ ಒಂದು ಕಡೆ. ಮೋಂಪರ್ನಾಸ್ ಸ್ಟೇಷನ್‌ನಿಂದ ರೈಲು ಹಿಡಿದೆವು. ಒಲಿಂಪಿಕ್ಸ್ ಸಮಯದಲ್ಲಿ ದಿನಕ್ಕೆ 16 ಯೂರೋದ ಪಾಸ್ ಇತ್ತು, ಅದನ್ನೇ ತಗೊಂಡೆವು. ಸ್ಟೇಷನ್‌ನಿಂದ ಜನರ ಜೊತೆ ನಡೆದುಕೊಂಡೇ ಹೋದೆವು. ಅಮ್ಮ ಅಲ್ಲಲ್ಲಿ ನಿಂತು ನಿಂತು ಬಂದರು.

ಒಳಗೆ ಕಾಲಿಟ್ಟಾಗ ಮೊದಲು ಗೊತ್ತಾಗಿದ್ದು ಸೆಖೆ. ಇಂಥ ಕಡೆ ಗಾಳಿಯನ್ನು ಬೆಚ್ಚಗೇ ಇಡುತ್ತಾರೆ. ಬೆಚ್ಚಗಿನ ಗಾಳಿ ತೆಳುವಾಗಿರುತ್ತದೆ, ಸೈಕಲ್‌ಗೆ ತಡೆ ಕಮ್ಮಿ, ವೇಗ ಜಾಸ್ತಿ. ಓಡಿಸುವವರಿಗೆ ಒಳ್ಳೆಯದು, ಕೂತವರಿಗೆ ಬೆವರು. ಹತ್ತಿ ಬಟ್ಟೆ ಹಾಕಿಕೊಳ್ಳಿ, ಬೀಸಿಕೊಳ್ಳೋಕೆ ಏನಾದರೂ ಇರಲಿ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಆ ಮರದ ಟ್ರ್ಯಾಕ್. ಟಿವಿಯಲ್ಲಿ ಅದರ ಏರು ಗೊತ್ತೇ ಆಗುವುದಿಲ್ಲ ತಮ್ಮಾ. ತಿರುವಿನಲ್ಲಿ 40 ಡಿಗ್ರಿಗಿಂತ ಜಾಸ್ತಿ ಓರೆ, ಎದುರಿಗೆ ಗೋಡೆ ಎದ್ದ ಹಾಗೆ. ಜಾರಿ ಬೀಳಲ್ವಾ ಅಂತ ಅಮ್ಮ ಕೇಳಿದರು. ವೇಗ ಇದ್ದರೆ ಬೀಳುವುದಿಲ್ಲ, ನಿಧಾನ ಆದರೇ ಕಷ್ಟ ಅಂತ ಮಗ ವಿವರಿಸಿದ. ಆ ಸೈಕಲ್‌ಗಳಿಗೆ ಬ್ರೇಕ್ ಇಲ್ಲ. ಒಂದೇ ಗೇರ್. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸೋಕೆ ಆಗುವುದಿಲ್ಲ. ವೇಗ ಇಳಿಸಬೇಕು ಅಂದರೆ ಓರೆಯ ಮೇಲಕ್ಕೆ ಹತ್ತುತ್ತಾರೆ. ಮತ್ತೆ ವೇಗ ಬೇಕು ಅಂದರೆ ಮೇಲಿಂದ ಕೆಳಕ್ಕೆ ನುಗ್ಗುತ್ತಾರೆ. ಇದೊಂದು ತಿಳಿದುಕೊಂಡ ಮೇಲೆ ಅವರು ಯಾಕೆ ಮೇಲೆ ಹೋಗಿ ಸುಮ್ನೆ ಕಾಯುತ್ತಾರೆ ಅನ್ನುವುದು ಅರ್ಥ ಆಗುತ್ತದೆ.

ಸ್ಪ್ರಿಂಟ್ ಅನ್ನುವ ರೇಸ್‌ನಲ್ಲಂತೂ ಇಬ್ಬರೇ. ಶುರುವಲ್ಲಿ ನಡೆಯುವಷ್ಟು ನಿಧಾನ, ಒಮ್ಮೊಮ್ಮೆ ಸೈಕಲ್ ನಿಂತೇಬಿಡುತ್ತದೆ. ಮುಂದೆ ಇರುವವನು ಗಾಳಿ ಸೀಳಬೇಕು, ಹಿಂದೆ ಇರುವವನಿಗೆ ಶಕ್ತಿ ಉಳಿಯುತ್ತದೆ. ಅದಕ್ಕೆ ನೀನು ಮುಂದೆ ಹೋಗು, ನೀನು ಹೋಗು ಅಂತ ಕಾಯುತ್ತಾರೆ. ಮಗಳಿಗೆ ಇದನ್ನು ಮೊದಲೇ ಹೇಳಿಕೊಡು. ಇಲ್ಲದಿದ್ದರೆ ರೇಸ್ ಇನ್ನೂ ಶುರುವಾಗಿಲ್ಲ ಅಂದುಕೊಂಡು ಬೇರೆ ಕಡೆ ನೋಡುತ್ತಾಳೆ.

ಅವತ್ತು ಹೆಂಗಸರ ಕೈರಿನ್ ಫೈನಲ್ ಇತ್ತು. ಮುಂದೆ ಒಂದು ಮೋಟಾರ್ ಬೈಕ್, ಹಿಂದೆ ಆರು ಜನ ಸಾಲಾಗಿ. ಬೈಕ್ ವೇಗ ಏರಿಸುತ್ತಾ ಏರಿಸುತ್ತಾ ಹೋಗಿ, ಮೂರು ಸುತ್ತು ಉಳಿದಾಗ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ನೋಡಬೇಕು. ನ್ಯೂಜಿಲೆಂಡ್‌ನ ಎಲೆಸ್ ಆಂಡ್ರೂಸ್ ಗೆದ್ದಳು.

ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಮಾತಾಡುವುದು ಗಂಡಸರ ಆಮ್ನಿಯಂ ಬಗ್ಗೆ. ಅದರಲ್ಲಿ ಒಂದೇ ಸಂಜೆ ನಾಲ್ಕು ರೇಸ್, ನಾಲ್ಕರ ಅಂಕವನ್ನೂ ಕೂಡಿಸಿ ಗೆದ್ದವರು ಯಾರು ಅಂತ ನೋಡುತ್ತಾರೆ. ಮೊದಲ ಎರಡರಲ್ಲಿ ಅಮ್ಮ ಮಾತಿಲ್ಲದೆ ಕೂತಿದ್ದರು. ಮೂರನೆಯದು ಎಲಿಮಿನೇಷನ್. ಎರಡು ಸುತ್ತಿಗೊಮ್ಮೆ, ಗೆರೆಯನ್ನು ಯಾರ ಹಿಂದಿನ ಚಕ್ರ ಎಲ್ಲರಿಗಿಂತ ಕೊನೆಗೆ ದಾಟುತ್ತದೋ ಅವನು ಔಟ್. 22 ಜನ ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ. ಅಮ್ಮ ಒಂದೆರಡು ಸಲ ನೋಡಿದರು. ಆಮೇಲೆ ಮುಂದಿರುವವರನ್ನು ನೋಡುವುದೇ ಬಿಟ್ಟರು. ಬಾಲ ಮಾತ್ರ ನೋಡೋಕೆ ಶುರು ಮಾಡಿದರು. ಹಿಂದಿನ ಚಕ್ರ ನೋಡ್ರೋ, ಹಿಂದಿನ ಚಕ್ರ, ಅಂತ ನಮಗೂ ಹೇಳಿದರು. ಸ್ವಲ್ಪ ಹೊತ್ತಲ್ಲಿ ಅವರಿಗೆ ಇನ್ನೊಂದು ಗೊತ್ತಾಯಿತು. ಒಳ ಅಂಚಿನಲ್ಲಿ ಹೋಗುವವನದು ಹತ್ತಿರದ ದಾರಿ, ಆದರೆ ಹೊರಗಡೆಯಿಂದ ಇಬ್ಬರು ಬಂದು ಮುಚ್ಚಿಬಿಟ್ಟರೆ ಅವನು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಕಾಲಲ್ಲಿ ಶಕ್ತಿ ಇದ್ದರೂ ದಾರಿ ಇರುವುದಿಲ್ಲ. ಈಗ ಆ ನೀಲಿ ಅಂಗಿಯವನು ಹೋದ, ಅಂತ ಅಮ್ಮ ಗೆರೆ ಬರುವುದಕ್ಕೆ ಮೊದಲೇ ಹೇಳುತ್ತಿದ್ದರು. ತುಂಬಾ ಸಲ ಸರಿಯಾಗಿತ್ತು. ಮುಂದಿನ ಸಾಲಲ್ಲಿದ್ದ ಒಬ್ಬ ಹೆಂಗಸು ಹಿಂದೆ ತಿರುಗಿ ಅಮ್ಮನ ಬೆರಳು ಎತ್ತ ಹೋಗುತ್ತದೆ ಅಂತ ನೋಡಿ ನೋಡಿ ನಗುತ್ತಿದ್ದಳು. ಭಾಷೆ ಬೇಕಾಗಲೇ ಇಲ್ಲ.

ಕೊನೆಯದು ಪಾಯಿಂಟ್ಸ್ ರೇಸ್, 100 ಸುತ್ತು, 25 ಕಿಲೋಮೀಟರ್. ಹತ್ತು ಸುತ್ತಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಅಂತ ಅಂಕ. ಮುಖ್ಯ ಗುಂಪಿಗಿಂತ ಒಂದು ಸುತ್ತು ಮುಂದೆ ಹೋದರೆ 20 ಅಂಕ. ಫ್ರಾನ್ಸ್‌ನ ಬೆಂಜಮಿನ್ ತೋಮಾ ಆಡುತ್ತಿದ್ದ. ಅವನದೇ ದೇಶ, ಅವನದೇ ಜನ. ಹಾಲ್ ಪೂರ್ತಿ ಎದ್ದು ನಿಂತಿತ್ತು. ರೇಸ್ ನಡುವೆ ಅವನು ಬಿದ್ದುಬಿಟ್ಟ. ತಮ್ಮಾ, ಅಷ್ಟೊಂದು ಗದ್ದಲ ಒಂದೇ ಕ್ಷಣಕ್ಕೆ ನಿಂತುಹೋಯಿತು. ಅಮ್ಮ ನನ್ನ ಕೈ ಹಿಡಿದುಕೊಂಡರು. ಅವನು ಎದ್ದ, ಸೈಕಲ್ ಹತ್ತಿದ, ಮತ್ತೆ ಗುಂಪಿಗೆ ಸೇರಿಕೊಂಡ. ಆಗ ಎದ್ದ ಕೂಗು ಕಾಲಡಿಯ ನೆಲದಲ್ಲಿ ಗೊತ್ತಾಗುತ್ತಿತ್ತು. ಚಿನ್ನ ಅವನಿಗೇ ಬಂತು. ಯಾವ ದೇಶದವನೋ ಏನೋ, ಅಮ್ಮ ಕಣ್ಣು ಒರೆಸಿಕೊಂಡರು. ನಾನೂ ಅತ್ತುಬಿಟ್ಟೆ.

ಬೆಳ್ಳಿ ಪೋರ್ಚುಗಲ್‌ನ ಯೂರಿ ಲೈತಾಂವ್‌ಗೆ. ಎರಡು ದಿನ ಬಿಟ್ಟು ಅವನೇ ರೂಯಿ ಒಲಿವೇರಾ ಜೊತೆ ಮ್ಯಾಡಿಸನ್ ಗೆದ್ದ. ಅದು ಇಬ್ಬರ ಜೋಡಿ, 200 ಸುತ್ತು. ಒಬ್ಬ ದಣಿದಾಗ ಇನ್ನೊಬ್ಬನ ಕೈ ಹಿಡಿದು ಮುಂದಕ್ಕೆ ಎಸೆಯುತ್ತಾನೆ. ಅಥ್ಲೆಟಿಕ್ಸ್ ಬಿಟ್ಟು ಬೇರೆ ಆಟದಲ್ಲಿ ಪೋರ್ಚುಗಲ್‌ಗೆ ಅದೇ ಮೊದಲ ಒಲಿಂಪಿಕ್ ಚಿನ್ನ. ನಾವು ಅದನ್ನು ರೂಮಲ್ಲಿ ಟಿವಿಯಲ್ಲಿ ನೋಡಿದೆವು. ಇನ್ನೊಂದು ದಿನದ ಟಿಕೆಟ್ ತಗೋಬೇಕಿತ್ತು ಅಂತ ನಾಲ್ಕೂ ಜನಕ್ಕೆ ಅನ್ನಿಸಿತು.

ಈಗ ನಿಮ್ಮ ವಿಷಯ. ಲಾಸ್ ಏಂಜಲೀಸ್‌ನಲ್ಲಿ ಟ್ರ್ಯಾಕ್ ಇರುವುದು ಕಾರ್ಸನ್ ಅನ್ನುವ ಕಡೆ. ಅದೂ 250 ಮೀಟರ್, ಮರದ್ದೇ. 1984ರ ಒಲಿಂಪಿಕ್ಸ್‌ನ ಟ್ರ್ಯಾಕ್ ಸೈಕಲ್ ರೇಸೂ ಕಾರ್ಸನ್‌ನಲ್ಲೇ ನಡೆದಿತ್ತು. ಹಾಲ್‌ಗಳು ಚಿಕ್ಕವು. ಪ್ಯಾರಿಸ್‌ನದರಲ್ಲಿ ಸುಮಾರು 5,000 ಜನಕ್ಕಷ್ಟೇ ಜಾಗ ಇತ್ತು. ಅದಕ್ಕೆ ಟಿಕೆಟ್ ಬಿಟ್ಟ ತಕ್ಷಣ ನೋಡಿ, ಆಮೇಲೆ ಅಂತ ಬಿಡಬೇಡಿ. ಬೆಳಗಿನದು, ಸಂಜೆಯದು ಅಂತ ಬೇರೆ ಬೇರೆ ಇದ್ದರೆ ಯಾವುದರಲ್ಲಿ ಯಾವ ರೇಸ್ ಅಂತ ಓದಿ ಆಮೇಲೆ ತಗೊಳ್ಳಿ. ಆಮ್ನಿಯಂ ಇರುವ ದಿನ ಸಿಕ್ಕರೆ ಅದೇ ಮೊದಲ ಆಯ್ಕೆ. ಅದು ಸಿಗದಿದ್ದರೆ ಮ್ಯಾಡಿಸನ್. ಬರೀ ಅರ್ಹತಾ ಸುತ್ತಿರುವ ದಿನ ಬೇಡ, ಮಕ್ಕಳಿಗೆ ಬೇಸರ ಬರುತ್ತದೆ. ತಿರುವಿನ ಹತ್ತಿರ, ಸ್ವಲ್ಪ ಮೇಲಿನ ಸಾಲು ಸಿಕ್ಕರೆ ಬಿಡಬೇಡಿ. ನಮ್ಮ ಸೀಟೂ ಅಲ್ಲೇ ಇತ್ತು. ಆ ಓರೆ ಎಷ್ಟು ಅಂತ ಅಲ್ಲಿಂದಲೇ ಗೊತ್ತಾಗುವುದು.

ಎಲಿಮಿನೇಷನ್ ನಡೆಯುವಾಗ ಮಗ ಮೊಬೈಲಲ್ಲಿ ತೆಗೆದ ವಿಡಿಯೊ ಇದೆ, ಇದರ ಕೆಳಗೇ ಹಾಕುತ್ತೇನೆ. ರೇಸ್ ಸ್ವಲ್ಪ ಅಲುಗಾಡುತ್ತದೆ. ಅಮ್ಮನ ದನಿ ಮಾತ್ರ ಚೆನ್ನಾಗಿ ಕೇಳುತ್ತದೆ. ಮಗಳಿಗೆ ತೋರಿಸು. ಚಿಕ್ಕಮ್ಮ, ನೀವೂ ನೋಡಿ.